ದನ ಎಣಿಸಬೇಡಿ, ಅಲೀಲ್ ಎಣಿಸಿ: ಅಲೀಲ್ ಆವರ್ತನ ಲೆಕ್ಕ ಹಾಕುವ ಕ್ರಮ

ಪ್ಲಸ್ ಟು ಬಯಾಲಜಿ ಓದಿದವರಿಗೆಲ್ಲ ಪಿ² + 2ಪಿಕ್ಯೂ + ಕ್ಯೂ² = 1 ಎಂಬ ಹಾರ್ಡಿ-ವೈನ್‌ಬರ್ಗ್ ಸೂತ್ರ ಬಾಯಿಪಾಠ ಬರುತ್ತದೆ. ಆದರೆ ಅವರ ಕೈಗೆ ನೂರು ದನಗಳ ಜೀನ್ ಪರೀಕ್ಷೆಯ ರಿಸಲ್ಟ್ ಕೊಟ್ಟು, ಇದರಲ್ಲಿ ಎ2 ಅಲೀಲ್ (ಅಲೀಲ್ ಅಂದರೆ ಒಂದೇ ಜೀನಿನ ಬೇರೆಬೇರೆ ರೂಪ) ಎಷ್ಟಿದೆ ಹೇಳು ನೋಡುವ ಅಂದರೆ ಪೆನ್ನು ನಿಂತುಬಿಡುತ್ತದೆ. ಮೊದಲೇ ಸೂತ್ರಕ್ಕೆ ಕೈ ಹಾಕಿದರೆ ಹೀಗೇ ಆಗುವುದು. ಹೆಚ್ಚಿನ ಸಲ ಆ ಸೂತ್ರ ಬೇಡವೇ ಬೇಡ. ಕೂಡಿಸಲು, ಭಾಗಿಸಲು ಬಂದರೆ ಸಾಕು. ಕಷ್ಟ ಇರುವುದು ಬೇರೆ ಕಡೆ: ಯಾರನ್ನು ಯಾರ ಜೊತೆ ಸೇರಿಸಿ ಎಣಿಸುತ್ತೀರಿ ಎಂಬಲ್ಲಿ. ಪುಸ್ತಕದಲ್ಲಿ ಆ ಭಾಗ ಒಂದು ಸಾಲಿನಲ್ಲಿ ಮುಗಿಯುತ್ತದೆ, ಇಲ್ಲಿ ಅದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ.

ಕಾಸರಗೋಡಿನವರಿಗೆ ಹೇಳುವಾಗ ಬಟಾಣಿ ಗಿಡ ಯಾಕೆ, ನಮ್ಮ ಗಿಡ್ಡ ದನವೇ ಇದೆಯಲ್ಲ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಹಟ್ಟಿಗಳಲ್ಲಿ ಈಗ ಎರಡೂ ಬಗೆ ಕಾಣುತ್ತದೆ. ಒಂದು ಕಡೆ ಊರ ಗಿಡ್ಡ, ಪಕ್ಕದಲ್ಲೇ ಹೋಲ್‌ಸ್ಟೈನ್ ಅಥವಾ ಜರ್ಸಿ ರಕ್ತ ಸೇರಿದ ಕ್ರಾಸ್ ದನ. ನಮ್ಮ ಲೆಕ್ಕಕ್ಕೆ ಇಂಥ ಊರೇ ಬೇಕು.

ಮೊದಲು ಜೀನ್ ಯಾವುದು ನೋಡೋಣ

ಹಾಲಿನಲ್ಲಿ ಬೀಟಾ ಕೇಸಿನ್ ಅಂತ ಒಂದು ಪ್ರೋಟೀನ್ ಇದೆ. ಅದರ ಸರಪಳಿಯ 67ನೇ ಜಾಗದಲ್ಲಿ ಪ್ರೋಲಿನ್ ಇದ್ದರೆ ಎ2, ಹಿಸ್ಟಿಡಿನ್ ಇದ್ದರೆ ಎ1. ಅಂಗಡಿಯಲ್ಲಿ ಎ2 ಹಾಲು ಅಂತ ದುಬಾರಿ ಬೆಲೆಗೆ ಮಾರುವುದು ಇದೇ ವ್ಯತ್ಯಾಸವನ್ನು. ಆರೋಗ್ಯಕ್ಕೆ ಅದು ಒಳ್ಳೆಯದೋ ಅಲ್ಲವೋ ಎಂಬ ಜಗಳಕ್ಕೆ ನಾನು ಬರುವುದಿಲ್ಲ. ನಮಗೆ ಬೇಕಾದದ್ದು ಇಷ್ಟೇ: ಪ್ರತಿ ದನದಲ್ಲೂ ಈ ಜೀನಿನ ಎರಡು ಪ್ರತಿ ಇರುತ್ತದೆ. ಒಂದು ತಾಯಿಯಿಂದ, ಒಂದು ತಂದೆಯಿಂದ. ಹಾಗಾಗಿ ದನಗಳಲ್ಲಿ ಮೂರು ಬಗೆ: ಎ2ಎ2, ಎ1ಎ2, ಎ1ಎ1. ಇವು ಜೀನೋಟೈಪ್‌ಗಳು. ಎ1, ಎ2 ಅನ್ನುವವು ಅಲೀಲ್‌ಗಳು. ಎಲ್ಲ ಅಲೀಲ್‌ಗಳಲ್ಲಿ ಎ2ರ ಪಾಲನ್ನು, ಅಂದರೆ ಅದರ ಆವರ್ತನವನ್ನು, ಪಿ ಅನ್ನೋಣ, ಎ1ರ ಪಾಲನ್ನು ಕ್ಯೂ. ರಕ್ತ ಅಥವಾ ಕೂದಲಿನ ಬುಡದಿಂದ ಡಿಎನ್‌ಎ ತೆಗೆದು ಪಿಸಿಆರ್ (ಡಿಎನ್‌ಎಯ ಬೇಕಾದ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ಪರೀಕ್ಷೆ) ಮಾಡಿದರೆ ಮೂರನ್ನೂ ಬೇರೆಬೇರೆಯಾಗಿ ಗುರುತಿಸಬಹುದು. ಇದು ದೊಡ್ಡ ಅನುಕೂಲ. ಯಾಕೆಂದು ಆಮೇಲೆ ರಕ್ತದ ಗುಂಪಿಗೆ ಬಂದಾಗ ಗೊತ್ತಾಗುತ್ತದೆ.

ಇಲ್ಲಿ ಕೊಡುವ ಅಂಕೆಗಳೆಲ್ಲ ಲೆಕ್ಕ ತೋರಿಸಲು ನಾನೇ ಹಾಕಿದ್ದು, ಯಾವ ಊರಿನ ಸರ್ವೆಯೂ ಅಲ್ಲ. ಆದರೆ ದೇಸಿ ತಳಿಗಳಲ್ಲಿ ಎ2 ಹೆಚ್ಚುಕಡಿಮೆ ಪೂರ್ತಿ ಇರುತ್ತದೆ, ಹೋಲ್‌ಸ್ಟೈನ್ ಕಡೆಯಿಂದ ಎ1 ಸಾಕಷ್ಟು ಬರುತ್ತದೆ ಎಂಬುದು ನಿಜ. ಅಂಕೆಗಳನ್ನು ಅದಕ್ಕೆ ಹೊಂದುವ ಹಾಗೆ ಇಟ್ಟಿದ್ದೇನೆ.

ಎಣಿಸುವುದು

ಒಂದು ಹಾಲಿನ ಸೊಸೈಟಿಗೆ ಸೇರಿದ 60 ಗಿಡ್ಡ ದನಗಳ ಪರೀಕ್ಷೆ ಆಯಿತು ಅಂದುಕೊಳ್ಳಿ. ಎ2ಎ2 ಬಂದದ್ದು 57, ಎ1ಎ2 ಬಂದದ್ದು 3, ಎ1ಎ1 ಒಂದೂ ಇಲ್ಲ.

ದನ 60, ಒಂದೊಂದರಲ್ಲಿ ಎರಡು ಅಲೀಲ್. ಒಟ್ಟು 120. ಭಾಜಕ ಯಾವಾಗಲೂ ಇದೇ, 60 ಅಲ್ಲ. ಎ2ಎ2 ದನ ಎರಡೆರಡು ಎ2 ಕೊಡುತ್ತದೆ, ಎ1ಎ2 ದನ ಒಂದೊಂದು. ಹಾಗಾಗಿ ಎ2ಗಳು (2 × 57) + 3 = 117. ಪಿ = 117 ÷ 120 = 0.975. ಎ1ಗಳು ಬರೀ 3, ಕ್ಯೂ = 3 ÷ 120 = 0.025. ಎರಡನ್ನೂ ಕೂಡಿಸಿ, 1 ಬಂತಲ್ಲ? ಕ್ಯೂ ಕಂಡುಹಿಡಿಯಲು ಒಂದರಿಂದ ಪಿ ಕಳೆದರೂ ಆಗುತ್ತದೆ. ಆದರೆ ಮೊದಮೊದಲು ಎರಡನ್ನೂ ಬೇರೆಬೇರೆ ಎಣಿಸಿ ಕೂಡಿಸುವುದು ಒಳ್ಳೆಯದು. ಎಣಿಕೆಯಲ್ಲಿ ತಪ್ಪಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ, ಕಳೆದು ತೆಗೆದರೆ ತಪ್ಪು ಸುಮ್ನೆ ಒಳಗೇ ಕೂತುಬಿಡುತ್ತದೆ.

ಈಗ ಅದೇ ಸೊಸೈಟಿಯ 40 ಕ್ರಾಸ್ ದನಗಳು. ಎ2ಎ2 14, ಎ1ಎ2 20, ಎ1ಎ1 6. ಅಲೀಲ್ ಒಟ್ಟು 80. ಎ2 = 28 + 20 = 48, ಅಂದರೆ 0.6. ಎ1 = 12 + 20 = 32, ಅಂದರೆ 0.4.

ಕೆಲವು ಸಲ ಕೈಗೆ ಸಿಗುವುದು ಎಣಿಕೆಯಲ್ಲ, ಶೇಕಡಾ. ಎ2ಎ2 ಶೇ. 35, ಎ1ಎ2 ಶೇ. 50, ಎ1ಎ1 ಶೇ. 15 ಅಂತ ರಿಪೋರ್ಟಿನಲ್ಲಿ ಇದ್ದರೆ ಎ2ಎ2 ಪಾಲಿಗೆ ಎ1ಎ2ರ ಅರ್ಧ ಸೇರಿಸಿ: 0.35 + 0.25 = 0.6. ಅದೇ ಉತ್ತರ.

ಲ್ಯಾಬಿನಿಂದ ಬಂದ ಹಾಳೆಯಲ್ಲಿ ಕೆಲವು ಸ್ಯಾಂಪಲ್‌ಗಳ ಎದುರು ಫೇಲ್ ಅಂತಲೋ ಬರೀ ಗೆರೆಯೋ ಇರುತ್ತದೆ. ಅವನ್ನು ಭಾಜಕದಿಂದ ತೆಗೆಯಲೇಬೇಕು. 60ರಲ್ಲಿ 4 ಫೇಲ್ ಆಗಿದ್ದರೆ ಭಾಜಕ 112. ಕಂಪ್ಯೂಟರಿನ ಶೀಟಿನಲ್ಲಿ ಲೆಕ್ಕ ಹಾಕುವವರು ಖಾಲಿ ಕೋಶಗಳನ್ನು ಸೊನ್ನೆ ಅಂತ ತುಂಬಿಸುವ ಅಭ್ಯಾಸ ಬಿಡಿ, ಎ1 ಸಂಖ್ಯೆಯನ್ನು 0, 1, 2 ಅಂತ ಕೋಡ್ ಮಾಡಿದ್ದರೆ ಆ ಸೊನ್ನೆ ಎ2ಎ2 ಆಗಿ ಲೆಕ್ಕಕ್ಕೆ ಸೇರಿಬಿಡುತ್ತದೆ.

ಇನ್ನು ಸ್ಯಾಂಪಲ್ ತೆಗೆಯುವಾಗ ಒಂದೇ ಹಟ್ಟಿಯ ತಾಯಿ, ಮಗಳು, ಮೊಮ್ಮಗಳು ಮೂವರನ್ನೂ ಹಾಕಬೇಡಿ. ಮೂರು ದನ ಬರೆದಿರುತ್ತೀರಿ, ಆದರೆ ಆರು ಬೇರೆಬೇರೆ ಅಲೀಲ್ ಸಿಕ್ಕಿರುವುದಿಲ್ಲ, ಕೆಲವು ಒಂದೇ ಅಲೀಲಿನ ನಕಲು. ಹಟ್ಟಿಗೊಂದು ದನ ಅಂತ ಇಟ್ಟುಕೊಂಡರೆ ಕ್ಷೇಮ. ಒಂದೇ ಹೋರಿಯ ವೀರ್ಯ ಇಡೀ ಪಂಚಾಯತಿಗೆ ಹಂಚಿಹೋಗಿರುತ್ತದೆ ಎಂಬುದನ್ನೂ ಮರೆಯಬೇಡಿ, ಬೇರೆಬೇರೆ ಮನೆಯ ದನಗಳೂ ಅಕ್ಕತಂಗಿಯರಾಗಿರಬಹುದು.

ಸೇರಿಸಿದಾಗ ಏನಾಗುತ್ತದೆ

ಈಗ ಸೊಸೈಟಿಯ ಒಟ್ಟು ಲೆಕ್ಕ ಬೇಕು ಅಂತ ಯಾರೋ ಕೇಳಿದರು. ತುಂಬ ಜನ ಮಾಡುವುದು ಏನೆಂದರೆ 0.975 ಮತ್ತು 0.6ನ್ನು ಕೂಡಿಸಿ ಎರಡರಿಂದ ಭಾಗಿಸಿ 0.7875 ಅಂತ ಬರೆಯುವುದು. ತಪ್ಪು. ಒಂದು ಕಡೆ 120 ಅಲೀಲ್, ಇನ್ನೊಂದು ಕಡೆ 80. ಸರಾಸರಿಗಳ ಸರಾಸರಿ ತೆಗೆಯಬೇಡಿ, ಮತ್ತೆ ಎಣಿಕೆಗೇ ಹೋಗಿ: (117 + 48) ÷ 200 = 0.825. ಎ1 = 35 ÷ 200 = 0.175.

ಲೆಕ್ಕವೇನೋ ಸರಿ. ಆದರೆ ಈ 0.825 ಯಾರದ್ದು? ಗಿಡ್ಡ ದನದ್ದೂ ಅಲ್ಲ, ಕ್ರಾಸ್ ದನದ್ದೂ ಅಲ್ಲ. ಸೊಸೈಟಿಗೆ ಬರುವ ದನಗಳಲ್ಲಿ ಒಟ್ಟು ಎಷ್ಟು ಎ1 ಇದೆ ಅಂತ ತಿಳಿಯಲು ಅದು ಸಾಕು. ಅದನ್ನೇ ಹಿಡಿದುಕೊಂಡು ಮುಂದಿನ ತಲೆಮಾರಿನ ಕರುಗಳ ಬಗ್ಗೆ ಏನಾದರೂ ಹೇಳಲು ಹೊರಟರೆ ಎಡವುತ್ತೀರಿ. ಎಡವುವುದು ಎಲ್ಲಿ ಅಂತ ನೋಡಲು ಆ ಬಾಯಿಪಾಠದ ಸೂತ್ರ ಈಗ ಬೇಕು.

1908ರಲ್ಲಿ ಇಬ್ಬರು ಬೇರೆಬೇರೆಯಾಗಿ ಈ ಮಾತು ಹೇಳಿದರು. ಒಬ್ಬರು ಜರ್ಮನಿಯ ಸ್ಟುಟ್‌ಗಾರ್ಟಿನ ಡಾಕ್ಟರ್ ವಿಲ್ಹೆಲ್ಮ್ ವೈನ್‌ಬರ್ಗ್. ಇನ್ನೊಬ್ಬರು ಕೇಂಬ್ರಿಜ್‌ನ ಗಣಿತಜ್ಞ ಜಿ.ಎಚ್. ಹಾರ್ಡಿ, ಮುಂದೆ ನಮ್ಮ ರಾಮಾನುಜನ್‌ರನ್ನು ಅಲ್ಲಿಗೆ ಕರೆಸಿಕೊಂಡ ಅದೇ ಹಾರ್ಡಿ. ಪ್ರಬಲ ಗುಣ ತಲೆಮಾರು ಕಳೆದಂತೆ ತಾನಾಗಿ ಹೆಚ್ಚುತ್ತಾ ಹೋಗಬೇಕಲ್ಲವೇ ಎಂಬ ಪ್ರಶ್ನೆಯನ್ನು ಜೀವಶಾಸ್ತ್ರಜ್ಞ ಪನ್ನೆಟ್ ಹಾರ್ಡಿಯ ಮುಂದೆ ಇಟ್ಟರು. ಹಾಗೇನೂ ಆಗುವುದಿಲ್ಲ ಅಂತ ಹಾರ್ಡಿ ನಾಲ್ಕು ಸಾಲಿನ ಗುಣಾಕಾರದಲ್ಲಿ ತೋರಿಸಿದರು. ಜೋಡಿಯಾಗುವುದು ಯಾದೃಚ್ಛಿಕವಾಗಿದ್ದು, ಗುಂಪು ದೊಡ್ಡದಿದ್ದು, ಹೊರಗಿನಿಂದ ಯಾರೂ ಬಂದು ಸೇರದೆ, ಆಯ್ಕೆಯೂ (ಕೆಲವು ಜೀನೋಟೈಪಿನವು ಮಾತ್ರ ಹೆಚ್ಚು ಬದುಕಿ ಸಂತಾನ ಬೆಳೆಸುವುದು) ಹೊಸ ಮ್ಯುಟೇಶನ್ನೂ (ಜೀನ್ ತಾನಾಗಿ ಬದಲಾಗುವುದು) ಇಲ್ಲದಿದ್ದರೆ ಅಲೀಲ್ ಆವರ್ತನ ಇದ್ದಲ್ಲೇ ಇರುತ್ತದೆ, ಜೀನೋಟೈಪ್‌ಗಳು ಪಿ², 2ಪಿಕ್ಯೂ, ಕ್ಯೂ² ಅಳತೆಯಲ್ಲಿ ಹಂಚಿಹೋಗುತ್ತವೆ. ಆ ಸೂತ್ರ ಇರುವುದು ಮುಖ್ಯವಾಗಿ ಅಲೀಲ್ ಆವರ್ತನದಿಂದ ಜೀನೋಟೈಪ್ ಎಷ್ಟಿರಬೇಕೆಂದು ಹೇಳಲು. ಉಲ್ಟಾ ಬಳಸುವುದು ಬೇರೆ ದಾರಿ ಇಲ್ಲದಾಗ ಮಾತ್ರ.

ಹಾಕಿ ನೋಡೋಣ. ನೂರು ದನಗಳ ಒಟ್ಟು ಗುಂಪಿನಲ್ಲಿ ನಾವು ಕಂಡದ್ದು ಎ2ಎ2 71, ಎ1ಎ2 23, ಎ1ಎ1 6. ಸೂತ್ರದ ಪ್ರಕಾರ ಇರಬೇಕಾದದ್ದು: 0.825² × 100 = 68.06. 2 × 0.825 × 0.175 × 100 = 28.88. 0.175² × 100 = 3.06. ನೋಡಿ, ಮಿಶ್ರ ದನಗಳು, ಅಂದರೆ ಎ1ಎ2, ಸುಮಾರು 29 ಇರಬೇಕಿತ್ತು, ಇರುವುದು 23. ಎರಡು ತುದಿಯವು ಜಾಸ್ತಿ ಇವೆ.

ಇದು ಅದೃಷ್ಟದ ಏರುಪೇರೋ ಅಥವಾ ನಿಜವಾದ ವ್ಯತ್ಯಾಸವೋ ಅಂತ ತಿಳಿಯಲು ಕೈ ಸ್ಕ್ವೇರ್ ಪರೀಕ್ಷೆ. ಕಂಡದ್ದರಿಂದ ಇರಬೇಕಾದದ್ದನ್ನು ಕಳೆದು, ವರ್ಗ ಮಾಡಿ, ಇರಬೇಕಾದದ್ದರಿಂದ ಭಾಗಿಸಿ, ಮೂರನ್ನೂ ಕೂಡಿಸಿ. 0.13 + 1.20 + 2.82, ಒಟ್ಟು ಸುಮಾರು 4.14 (ಮಧ್ಯದಲ್ಲಿ ದಶಮಾಂಶ ಕತ್ತರಿಸದಿದ್ದರೆ). ಡಿಗ್ರಿ ಆಫ್ ಫ್ರೀಡಂ, ಅಂದರೆ ಸ್ವತಂತ್ರವಾಗಿ ಬದಲಾಗಬಲ್ಲ ಅಂಕೆಗಳ ಸಂಖ್ಯೆ, 1. ಮೂರು ಬಗೆ ಇದೆ, 2 ಅಲ್ವಾ ಅಂತ ಕೇಳುವವರಿದ್ದಾರೆ. ಅಲ್ಲ. ಮೂರರಿಂದ ಒಂದು ಒಟ್ಟು ಸಂಖ್ಯೆಗೆ ಹೋಯಿತು, ಇನ್ನೊಂದು ಇದೇ ಅಂಕೆಗಳಿಂದ ಪಿ ತೆಗೆದದ್ದಕ್ಕೆ ಹೋಯಿತು. ಶೇ. 5ರ ಮಟ್ಟದಲ್ಲಿ ಗೆರೆ 3.84. ನಮ್ಮದು 4.14, ಗೆರೆ ದಾಟಿದೆ, ಅಂದರೆ ಬರೀ ಅದೃಷ್ಟದ ಏರುಪೇರು ಅನ್ನುವುದು ಕಷ್ಟ. ಸಣ್ಣದೊಂದು ಎಚ್ಚರ: ಇರಬೇಕಾದ ಸಂಖ್ಯೆ 5ಕ್ಕಿಂತ ಕಡಿಮೆಯಿದ್ದರೆ ಕೈ ಸ್ಕ್ವೇರ್ ಅಷ್ಟು ನೆಚ್ಚಿಕೊಳ್ಳುವ ಹಾಗಿಲ್ಲ. ಇಲ್ಲಿ ಎ1ಎ1 ಬರೀ 3.06. ಸಂಶೋಧನಾ ಪತ್ರಿಕೆಗೆ ಕಳಿಸುವವರು ಎಕ್ಸಾಕ್ಟ್ ಟೆಸ್ಟ್ (ಸಣ್ಣ ಸಂಖ್ಯೆಗೂ ಒಗ್ಗುವ ಪರೀಕ್ಷೆ) ಮಾಡಿ, ಸಾಫ್ಟ್‌ವೇರ್‌ಗಳಲ್ಲಿ ಸಿಗುತ್ತದೆ.

ಈಗ ಕ್ರಾಸ್ ದನಗಳನ್ನಷ್ಟೇ ತೆಗೆದುಕೊಂಡು ಇದೇ ಲೆಕ್ಕ ಮಾಡಿ. ಇರಬೇಕಾದದ್ದು 14.4, 19.2, 6.4. ಇರುವುದು 14, 20, 6. ಕೈ ಸ್ಕ್ವೇರ್ 0.07. ಏನೂ ತಕರಾರಿಲ್ಲ. ಗಿಡ್ಡ ದನಗಳಲ್ಲೂ ತಕರಾರಿಲ್ಲ. ಬೇರೆಬೇರೆ ಇದ್ದಾಗ ಸರಿಯಾಗಿದ್ದ ಎರಡು ಗುಂಪು ಒಟ್ಟಿಗೆ ಹಾಕಿದ ತಕ್ಷಣ ಕೆಟ್ಟಿತು. ಯಾವ ದನಕ್ಕೂ ಏನೂ ಆಗಿಲ್ಲ, ನಾವು ಹಾಳೆಯಲ್ಲಿ ಗೆರೆ ಅಳಿಸಿದ್ದೇ ಕಾರಣ. 1928ರಲ್ಲಿ ಸ್ವೀಡನ್ನಿನ ವಾಲುಂಡ್ ಇದನ್ನು ವಿವರಿಸಿದ್ದರಿಂದ ಇದಕ್ಕೆ ವಾಲುಂಡ್ ಪರಿಣಾಮ ಅಂತಲೇ ಹೆಸರು. ಮಿಶ್ರ ಜೀನೋಟೈಪ್ ಕಡಿಮೆ ಕಂಡರೆ ಮೊದಲ ಅನುಮಾನ ಇದರ ಮೇಲೆ ಬರಲಿ. ಎರಡನೆಯದು ಒಳಸಂಬಂಧದ ತಳಿ. ಮೂರನೆಯದು ಲ್ಯಾಬ್, ಯಾಕೆಂದರೆ ಎರಡು ಅಲೀಲಿನಲ್ಲಿ ಒಂದು ಪಿಸಿಆರ್‌ನಲ್ಲಿ ಏಳದೆ ಹೋದರೆ ಎ1ಎ2 ದನ ಎ2ಎ2 ಅಂತ ಕಾಣಿಸಿಕೊಳ್ಳುತ್ತದೆ.

ಹತ್ತು ದನ ನೋಡಿದೆವು, ಎಲ್ಲ ಶುದ್ಧ!

ಈ ಮಾತು ಎಲ್ಲ ಕಡೆ ಕೇಳುತ್ತದೆ, ಅದಕ್ಕೇ ಸ್ವಲ್ಪ ನಿಲ್ಲುತ್ತೇನೆ. ಹತ್ತು ಗಿಡ್ಡ ದನಗಳ ಪರೀಕ್ಷೆ ಮಾಡಿಸಿದಿರಿ, ಹತ್ತೂ ಎ2ಎ2. ಕ್ಯೂ = 0 ÷ 20 = 0. ಹಾಗಾದರೆ ಊರಿನಲ್ಲಿ ಎ1 ಇಲ್ಲವೇ ಇಲ್ಲವೇ? ಹಾಗೆ ಹೇಳಲಾಗದು. ಒಂದೂ ಸಿಗದಿದ್ದಾಗ ಸುಲಭದ ಒಂದು ಅಂದಾಜಿದೆ: 3ನ್ನು ನೋಡಿದ ಅಲೀಲ್‌ಗಳ ಸಂಖ್ಯೆಯಿಂದ ಭಾಗಿಸಿ. 3 ÷ 20 = 0.15. ಅಂದರೆ ನಿಜವಾದ ಎ1 ಶೇ. 15ರ ಹತ್ತಿರ ಇದ್ದರೂ ಹತ್ತು ದನಗಳಲ್ಲಿ ಒಂದೂ ಕಾಣದೆ ಹೋಗಬಹುದು. ಶೇ. 1ಕ್ಕಿಂತ ಕಡಿಮೆ ಅಂತ ಧೈರ್ಯವಾಗಿ ಹೇಳಬೇಕಾದರೆ 300 ಅಲೀಲ್, ಅಂದರೆ 150 ದನ ಬೇಕು, ಅದೂ ಒಂದರಲ್ಲೂ ಎ1 ಇರಬಾರದು.

ಅಲೀಲ್ ಸಿಕ್ಕಿದ್ದರೆ ಸ್ಟ್ಯಾಂಡರ್ಡ್ ಎರರ್ (ನಮ್ಮ ಅಂದಾಜು ಎಷ್ಟು ಹಿಂದೆಮುಂದೆ ಆಗಬಹುದು ಅನ್ನುವ ಅಳತೆ) ತೆಗೆಯಿರಿ: ಪಿ × ಕ್ಯೂ ÷ ಅಲೀಲ್ ಸಂಖ್ಯೆ, ಅದರ ವರ್ಗಮೂಲ. ಕ್ರಾಸ್ ದನಗಳಿಗೆ 0.6 × 0.4 ÷ 80 = 0.003, ವರ್ಗಮೂಲ 0.055. ಅದರ ಎರಡರಷ್ಟನ್ನು ಹಿಂದೆಮುಂದೆ ಹಿಡಿದರೆ ಪಿ ಸುಮಾರು 0.49ರಿಂದ 0.71ರ ಒಳಗೆ. 40 ದನ ನೋಡಿ 0.6 ಅಂತ ಬರೆದವರು ಇಷ್ಟು ಅಗಲದ ಮಾತು ಹೇಳಿದ್ದಾರೆ ಅಂತ ಗೊತ್ತಿರಲಿ. ದಶಮಾಂಶದ ನಂತರ ನಾಲ್ಕು ಅಂಕೆ ಬರೆದರೆ ಈ ಅಗಲ ಕಿರಿದಾಗುವುದಿಲ್ಲ.

ಮಿಶ್ರ ಯಾರು ಅಂತ ಕಾಣದಿದ್ದರೆ

ಈವರೆಗೆ ನಮಗೆ ಮೂರೂ ಜೀನೋಟೈಪ್ ಕಾಣುತ್ತಿತ್ತು. ರಕ್ತದಾನ ಶಿಬಿರದ ಪಟ್ಟಿಯಲ್ಲಿ ಹಾಗಲ್ಲ. ಆರ್‌ಎಚ್ ಪಾಸಿಟಿವ್ ಅಂತ ಬರೆದವರಲ್ಲಿ ಎರಡು ಡಿ (ಪಾಸಿಟಿವ್ ಮಾಡುವ ಅಲೀಲ್) ಇರುವವರು ಯಾರು, ಒಂದೇ ಇರುವವರು ಯಾರು ಅಂತ ಪಟ್ಟಿ ಹೇಳುವುದಿಲ್ಲ. ನೆಗೆಟಿವ್ ಇರುವವರು ಮಾತ್ರ ಖಚಿತ, ಅವರಲ್ಲಿ ಡಿ ಅಲೀಲ್ ಒಂದೂ ಇಲ್ಲ. ಇಲ್ಲಿ ಸೂತ್ರವನ್ನು ಉಲ್ಟಾ ಓಡಿಸಲೇಬೇಕು. ನಮ್ಮ ದೇಶದಲ್ಲಿ ನೆಗೆಟಿವ್ ಸುಮಾರು ಶೇ. 5 ಅಂತ ಹಿಡಿಯೋಣ. ಡಿ ಅಲೀಲಿನ ಪಾಲು ಪಿ, ಡಿ ಅಲ್ಲದ್ದರ ಪಾಲು ಕ್ಯೂ ಆದರೆ ಕ್ಯೂ² = 0.05, ಕ್ಯೂ = 0.224, ಪಿ = 0.776. ಒಳಗೊಳಗೆ ಹೊತ್ತುಕೊಂಡಿರುವವರು 2ಪಿಕ್ಯೂ = 0.35. ನೆಗೆಟಿವ್ ಕಾಣುವುದು ನೂರರಲ್ಲಿ ಐವರಲ್ಲಿ, ಆ ಅಲೀಲ್ ಹೊತ್ತವರು ಇನ್ನೂ ಮೂವತ್ತೈದು ಮಂದಿ. ಅಪ್ಪ ಅಮ್ಮ ಇಬ್ಬರೂ ಪಾಸಿಟಿವ್, ಮಗು ನೆಗೆಟಿವ್ ಹೇಗಾಯಿತು ಅಂತ ಆಸ್ಪತ್ರೆಯಲ್ಲಿ ಗಾಬರಿಯಾಗುವವರಿಗೆ ಈ ಮೂವತ್ತೈದೇ ಉತ್ತರ.

ಆದರೆ ಈ ವರ್ಗಮೂಲ ನಿಂತಿರುವುದು ಯಾದೃಚ್ಛಿಕ ಜೋಡಿ ಎಂಬ ನಂಬಿಕೆಯ ಮೇಲೆ. ಸೂತ್ರ ಊಹಿಸಿ ತೆಗೆದ ಪಿಯನ್ನು ಅದೇ ಸೂತ್ರದಿಂದ ಪರೀಕ್ಷೆ ಮಾಡಲು ಹೋಗಬೇಡಿ, ಅದು ಯಾವಾಗಲೂ ಸರಿಯೆಂದೇ ತೋರಿಸುತ್ತದೆ. ನಂಬಿಕೆ ಎಲ್ಲಿ ಕೆಡುತ್ತದೆ ಅಂತ ನೋಡಲು ದೂರ ಹೋಗಬೇಕಿಲ್ಲ, ತೆಂಗಿನ ತೋಟ ಸಾಕು. ಎತ್ತರದ ತಳಿಗಳಲ್ಲಿ ಹೆಚ್ಚಾಗಿ ಪರಕೀಯ ಪರಾಗಸ್ಪರ್ಶ. ಗೆಂದಾಳಿಯಂಥ ಗಿಡ್ಡ ತಳಿಗಳಲ್ಲಿ ಹೆಚ್ಚಾಗಿ ಸ್ವಕೀಯ, ಹಾಗಾಗಿ ಮಿಶ್ರ ಜೀನೋಟೈಪ್ ತೀರಾ ಕಡಿಮೆ. ಗಿಡ್ಡ ತೆಂಗಿನಲ್ಲಿ ವರ್ಗಮೂಲ ತೆಗೆದರೆ ಉತ್ತರ ಬರುತ್ತದೆ, ಅರ್ಥ ಇರುವುದಿಲ್ಲ. ಎಣಿಕೆಯ ದಾರಿ ಮಾತ್ರ ಎರಡೂ ಕಡೆ ನಡೆಯುತ್ತದೆ. ಅದಕ್ಕೇ ಮೂರೂ ಜೀನೋಟೈಪ್ ಕೈಯಲ್ಲಿದ್ದಾಗ ವರ್ಗಮೂಲದ ಹತ್ತಿರವೂ ಹೋಗಬಾರದು ಅನ್ನುವುದು.

ಎ, ಬಿ, ಒ ಗುಂಪಿಗೆ ಮೂರು ಅಲೀಲ್. 1920ರ ದಶಕದಲ್ಲಿ ಜರ್ಮನಿಯ ಗಣಿತಜ್ಞ ಬರ್ನ್‌ಸ್ಟೈನ್ ಕೊಟ್ಟ ದಾರಿ ಈಗಲೂ ಕೈಲೆಕ್ಕಕ್ಕೆ ಒಳ್ಳೆಯದು. 200 ಜನರ ಪಟ್ಟಿ: ಒ 80, ಎ 48, ಬಿ 60, ಎಬಿ 12. ಪಾಲಿನಲ್ಲಿ 0.40, 0.24, 0.30, 0.06. ಒ ಅಲೀಲ್ = 0.40ರ ವರ್ಗಮೂಲ = 0.6325. ಎ ಅಲೀಲ್‌ಗೆ ಬಿ ಮತ್ತು ಒ ಗುಂಪನ್ನು ಕೂಡಿಸಿ ವರ್ಗಮೂಲ ತೆಗೆದು ಒಂದರಿಂದ ಕಳೆಯಿರಿ: 1 − 0.8367 = 0.1633. ಯಾಕೆಂದರೆ ಬಿ ಮತ್ತು ಒ ಗುಂಪಿನವರೆಂದರೆ ಎ ಅಲೀಲ್ ಒಂದೂ ಇಲ್ಲದವರು. ಬಿ ಅಲೀಲ್‌ಗೆ ಹಾಗೆಯೇ ಎ ಮತ್ತು ಒ: 1 − 0.8 = 0.2. ಮೂರನ್ನೂ ಕೂಡಿಸಿದರೆ 0.9958. ಒಂದಕ್ಕೆ ಸ್ವಲ್ಪ ಕಡಿಮೆ. ಲೆಕ್ಕ ತಪ್ಪಿಲ್ಲ, ಈ ದಾರಿಯೇ ಹಾಗೆ. ಮೂರನ್ನೂ 0.9958ರಿಂದ ಭಾಗಿಸಿದರೆ ಒ 0.635, ಎ 0.164, ಬಿ 0.201. ಮೊತ್ತ ಒಂದರಿಂದ ತುಂಬ ದೂರ ಹೋದರೆ ಮಾತ್ರ ಪಟ್ಟಿಯಲ್ಲೇ ಏನೋ ಎಡವಟ್ಟು ಇದೆ ಅಂತ ತಿಳಿಯಿರಿ. ತುಳು, ಮಲಯಾಳ, ಕನ್ನಡ, ಬ್ಯಾರಿ, ಕೊಂಕಣಿ, ಮರಾಠಿ ಮಾತಾಡುವವರು ಒಂದೇ ಪೇಟೆಯಲ್ಲಿದ್ದು ಮದುವೆಗಳು ಮಾತ್ರ ಹೆಚ್ಚಾಗಿ ಒಳಗೊಳಗೇ ನಡೆಯುವ ನಮ್ಮಂಥ ಊರಿನಲ್ಲಿ, ಒಂದು ಶಿಬಿರದ ಪಟ್ಟಿ ಅಂದರೆ ಮತ್ತೆ ಆ ಗಿಡ್ಡ ದನ, ಕ್ರಾಸ್ ದನಗಳ ಹಾಳೆಯ ಕತೆಯೇ.

ಗಂಡಿಗೆ ಒಂದೇ ಇರುವ ಜೀನ್

ಎಕ್ಸ್ ಕ್ರೋಮೋಸೋಮಿನ ಜೀನ್ ಆದರೆ ಭಾಜಕ ಬದಲಾಗುತ್ತದೆ. ಹೆಣ್ಣಿಗೆ ಎರಡು ಪ್ರತಿ, ಗಂಡಿಗೆ ಒಂದು. ಕ್ಲಾಸಿನಲ್ಲಿ 40 ಹುಡುಗಿಯರು, 30 ಹುಡುಗರು ಇದ್ದರೆ ಅಲೀಲ್ 140 ಅಲ್ಲ, 110. ಕೆಂಪು ಹಸಿರು ಬಣ್ಣ ಗುರುತಿಸಲಾಗದ ವರ್ಣಾಂಧತೆಯಲ್ಲಿ ಇನ್ನೂ ಸುಲಭ: ಹುಡುಗರಲ್ಲಿ ಎಷ್ಟು ಪಾಲಿಗೆ ಇದೆಯೋ ಅದೇ ಕ್ಯೂ. ವರ್ಗಮೂಲ ಬೇಡ. ಹುಡುಗರಲ್ಲಿ ಶೇ. 5 ಇದ್ದರೆ ಹುಡುಗಿಯರಲ್ಲಿ 0.05², ಅಂದರೆ ಶೇ. 0.25.

ಆಯ್ಕೆ ನಡೆಯುವ ಜೀನ್‌ಗಳಲ್ಲಿ ಯಾವ ವಯಸ್ಸಿನವರನ್ನು ನೋಡಿದಿರಿ ಎಂಬುದೂ ಮುಖ್ಯ. ವಯನಾಡಿನ ಕೆಲವು ಬುಡಕಟ್ಟುಗಳಲ್ಲಿ ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತದ ಕಾಯಿಲೆ ಇದೆ. ಎರಡೂ ಪ್ರತಿ ಸಿಕಲ್ ಇದ್ದು ಚಿಕಿತ್ಸೆ ಸಿಗದ ಮಕ್ಕಳು ಬೇಗ ತೀರಿಕೊಳ್ಳುವ ಅಪಾಯವಿದೆ, ಒಂದೇ ಪ್ರತಿ ಇದ್ದವರಿಗೆ ಮಲೇರಿಯಾದಿಂದ ಸ್ವಲ್ಪ ರಕ್ಷಣೆ. ಹಾಗಾಗಿ ಇಂಥ ಕಡೆ ವಯಸ್ಕರನ್ನಷ್ಟೇ ಎಣಿಸಿದರೆ ಮಿಶ್ರ ಜೀನೋಟೈಪ್ ಸೂತ್ರ ಹೇಳಿದ್ದಕ್ಕಿಂತ ಜಾಸ್ತಿ ಕಾಣಬಹುದು, ನಮ್ಮ ದನಗಳಲ್ಲಿ ಕಂಡದ್ದಕ್ಕೆ ಸರಿಯಾಗಿ ವಿರುದ್ಧ. ಹುಟ್ಟಿದ ಮಕ್ಕಳ ಲೆಕ್ಕ ಬೇರೆ, ಬದುಕಿ ಬೆಳೆದವರ ಲೆಕ್ಕ ಬೇರೆ. ರಿಪೋರ್ಟಿನಲ್ಲಿ ವಯಸ್ಸು ಬರೆಯಿರಿ.

ಮಾಡಿ ನೋಡಲು ಒಂದು: ಎಂಎನ್ ರಕ್ತದ ಗುಂಪು, 1927ರಲ್ಲಿ ಲ್ಯಾಂಡ್‌ಸ್ಟೈನರ್ ಮತ್ತು ಲೆವಿನ್ ಕಂಡುಹಿಡಿದದ್ದು, ಮೂರೂ ಜೀನೋಟೈಪ್ ನೇರವಾಗಿ ಕಾಣುತ್ತದೆ. 100 ಜನರಲ್ಲಿ ಎಂಎಂ 30, ಎಂಎನ್ 48, ಎನ್‌ಎನ್ 22. ಎಂ, ಎನ್ ಆವರ್ತನ ಎಷ್ಟು, ಕೈ ಸ್ಕ್ವೇರ್ ಎಷ್ಟು? ಉತ್ತರ: ಎಂ 0.54, ಎನ್ 0.46, ಕೈ ಸ್ಕ್ವೇರ್ 0.11. ನಿಮಗೆ ಎಂ 0.548 ಬಂದಿದ್ದರೆ 0.30ರ ವರ್ಗಮೂಲ ತೆಗೆದಿದ್ದೀರಿ, ಎಣಿಸಿಲ್ಲ.